ರಾಶಿಯ ಮುಂದೆ ಆಡಬಾರದ ಮಾತು

ನಮ್ಮ ಬೋರ್ಡಿಂಗಿನಲ್ಲಿ ಪದ್ಯ ಮುಗಿಯುವ ತನಕ ಯಾರೂ ತುತ್ತು ಎತ್ತುವಂತಿರಲಿಲ್ಲ. ಬಡಿಸುವವನಿಗೂ ಅದೇ ನೇಮ. ಪದ್ಯ ಶುರುವಾದಾಗ ಸೌಟು ಎಲ್ಲಿತ್ತೋ ಅಲ್ಲೇ ನಿಲ್ಲಬೇಕು. ಹಾವೇರಿಯಲ್ಲಿ ಹೊಸದಾಗಿ ಕಾಲೇಜು ತೆರೆದಿದ್ದ ಕಾಲ. ಸುತ್ತಲ ಊರುಗಳ ಹುಡುಗರೆಲ್ಲ ಹತ್ತಿ ವಖಾರದ ಹಿಂದಿನ ಉದ್ದನೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡು, ಒಂದೇ ಪಂಕ್ತಿಯಲ್ಲಿ ಉಂಡು ಓದುತ್ತಿದ್ದೆವು.

ಪದ್ಯದ ಪಾಳಿ ಕಾಗಿನೆಲೆಯ ಫಕ್ಕೀರಪ್ಪನಿಗೆ ಬಂದ ದಿನ ಪಂಕ್ತಿಯಲ್ಲಿ ನಿಟ್ಟುಸಿರು ಏಳುತ್ತಿತ್ತು. ಅವನ ಅಜ್ಜ ಶ್ರಾವಣದಲ್ಲಿ ಪುರಾಣ ಓದುವವರು. ಮೊಮ್ಮಗನ ಬಾಯಲ್ಲಿ ಅಧ್ಯಾಯಕ್ಕೆ ಅಧ್ಯಾಯವೇ ಇತ್ತು, ಹಿಡಿದರೆ ಬಿಡುತ್ತಿರಲಿಲ್ಲ.

"ಫಕ್ಕೀರ್ಯಾ, ದೇವರಿಗೂ ಹಸಿವಿ ಇರ್ತದೋ. ಸಾರು ಆರಲಿಕ್ಕತ್ತದ," ಎಂದು ಪ್ರಭಾಕರ ಗೊಣಗುತ್ತಿದ್ದ. ಪ್ರಭಾಕರ ರಾಣೆಬೆನ್ನೂರಿನ ವಕೀಲರ ಮಗ, ಕಡ್ಡಿಯಂಥ ಹುಡುಗ.

"ನೀ ಉಣ್ಣೂದು ಒಂದ ರೊಟ್ಟಿ. ಅದಕ್ಕ ಇಷ್ಟ್ಯಾಕ ಅವಸರ?" ಎಂದು ಫಕ್ಕೀರಪ್ಪ ಕಣ್ಣು ಮುಚ್ಚಿ ಮುಂದಿನ ನುಡಿ ಎತ್ತುತ್ತಿದ್ದ.

ನನಗಂತೂ ಸಾರು ಆರಿದರೆ ಬೇಸರವಿರಲಿಲ್ಲ. ನಮ್ಮ ಮನೆಯಲ್ಲೂ ದೀಪ ಹಚ್ಚಿ, ಪದ್ಯ ಕೇಳಿಯೇ ಉಣ್ಣುವುದು. ಅವನ ದನಿ ಕೇಳುತ್ತ ಕೂತರೆ ಊರಿಗೆ ಹೋಗಿ ಬಂದಂತಾಗುತ್ತಿತ್ತು.

ಅದು ರೇಷನ್ನಿನ ವರ್ಷ. ಶಿವರಾತ್ರಿ ಹತ್ತಿರವಾದಾಗ ಉಗ್ರಾಣ ಬರಿದಾಯಿತು. ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ರಾಘಣ್ಣನವರು ನಮ್ಮನ್ನು ಕೂಡಿಸಿ ಹೇಳಿದರು: "ಗುತ್ತಲದ ಕಡೆ ರಾಶಿ ನಡದಾವ. ಕಣಕ್ಕ ಹೋಗಿ ಜೋಳಾ ಕೇಳ್ರಿ. ಸಿಕ್ಕರ ಪರೀಕ್ಷಾತನಕ ಒಲಿ ಉರೀತದ. ಸಿಗಲಿಲ್ಲಂದ್ರ ಶಿವರಾತ್ರಿಗೆ ಬೀಗಾನ ಗತಿ."

ಬೀಗ ಬಿದ್ದರೆ ಪ್ರಭಾಕರನಿಗೆ ಹಾವೇರಿಯಲ್ಲೇ ಸೋದರಮಾವನ ಮನೆಯಿತ್ತು. ಫಕ್ಕೀರಪ್ಪನಿಗೆ ಈ ಪಂಕ್ತಿ ಬಿಟ್ಟರೆ ಇನ್ನೊಂದಿರಲಿಲ್ಲ. ಊರಿಗೆ ಮರಳಿದರೆ ಪರೀಕ್ಷೆಯೂ ಇಲ್ಲ, ಕಾಲೇಜೂ ಇಲ್ಲ. ಅವನೇ ಎತ್ತಿನ ಬಂಡಿಗೆ ಎಲ್ಲರಿಗಿಂತ ಮೊದಲು ಹತ್ತಿ ಕೂತ.

ಫಕ್ಕೀರಪ್ಪ, ಪ್ರಭಾಕರ, ನಾನು, ಮೂವರೂ ಮೊದಲು ಹೋದದ್ದು ಉಡಚವ್ವನ ಕಣಕ್ಕೆ. ಆ ಭಾಗದಲ್ಲಿ ಹಿರಿಯ ಕಣ ಅದು. ಉಡಚವ್ವ ಕೊಟ್ಟರೆ ಉಳಿದವರೂ ಕೊಡುವರು, ಆಕೆ ತಿರುಗಿಸಿ ಕಳಿಸಿದರೆ ಯಾರೂ ಒಳಗೆ ಬಿಡರು ಎಂದು ದಾರಿಯಲ್ಲೇ ಕೇಳಿದ್ದೆವು. ಹೊಳೆಯ ಗಾಳಿಗೆ ತೂರಿದ ಜೋಳ ಕಣದ ನಡುವೆ ಬೆಳ್ಳಗೆ ಗುಡ್ಡೆಯಾಗಿತ್ತು. ಚಪ್ಪಲಿ ಬಿಟ್ಟು ಹೋಗಿ ಕೈ ಮುಗಿದೆವು. ಮುದುಕಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಓದೂ ಹುಡುಗೂರು. ಚೀಲ ಹಿಡೀರಿ," ಎಂದಳು.

ಚೀಲದ ಬಾಯಿ ಹಿಡಿದವನು ಪ್ರಭಾಕರ. ಉಡಚವ್ವನ ಮಗ ಶೇಖಪ್ಪ ಕೊಳಗ ತುಂಬಿ, ಒಂದು ಎನ್ನದೆ "ಲಾಭ" ಎಂದು ಮೊದಲ ಅಳತೆ ಸುರಿದ. ಇನ್ನೊಂದು ಸುರಿದ. ಮತ್ತೊಂದನ್ನು ತುಳುಕುವಷ್ಟು ತುಂಬಿ ಎತ್ತಿದಾಗ ಪ್ರಭಾಕರ, ದೊಡ್ಡವರ ಮನೆಯಲ್ಲಿ ಕಲಿತ ನಯದಿಂದ, ನಕ್ಕು ಹೇಳಿದ: "ಅಯ್ಯ, ಇಷ್ಟ್ಯಾಕ್ರಿ! ಸಾಕ್ರಿ, ಸಾಕು ಸಾಕು."

ಕೊಳಗ ಗಾಳಿಯಲ್ಲೇ ನಿಂತಿತು. ಶೇಖಪ್ಪ ಅದನ್ನು ತಿರುಗಿಸಿ ರಾಶಿಗೇ ಸುರಿದ.

ಚಪ್ಪಲಿ ಬಿಡು ಎಂದು ಪ್ರಭಾಕರನಿಗೆ ಹೇಳಿದ್ದೆವು. ಮಾತಿನ ಸಂಗತಿ ನಮಗಿಬ್ಬರಿಗೂ ಹೊಳೆದಿರಲಿಲ್ಲ. ರಾಶಿಯ ಮುಂದೆ ಆ ಮಾತು ಆಡಬಾರದೆಂದು ತಿಳಿಯದವರೂ ಇರುತ್ತಾರೆಂದು ನಮಗೆ ತಿಳಿದಿರಲಿಲ್ಲ.

"ಯಾರ ಮಗನೋ ನೀನು?" ಉಡಚವ್ವನ ದನಿ ತಗ್ಗಿತ್ತು. "ಭೂಮಿತಾಯಿಗೆ ಕಿವಿ ಇಲ್ಲ ಅಂತ ತಿಳದೀಯೇನು? ನೀ ಸಾಕು ಅಂದಿ. ಬರೂ ವರ್ಷ ಆಕೀನೂ ನನಗ ಸಾಕು ಅಂದ್ರ?"

"ತಪ್ಪಾತ್ರಿ, ಆಯಿ," ಎಂದು ಫಕ್ಕೀರಪ್ಪ ನೆಲ ಮುಟ್ಟಿದ. "ಅವಗ ಗೊತ್ತಿಲ್ಲ. ನಮ್ಮ ಒಲಿ ಆರಿಸಬ್ಯಾಡ್ರಿ."

ಮುದುಕಿ ರಾಶಿಗೆ ಕೈ ಮುಗಿದಳು. ಬಳಿಕ ಕಣದ ಅಂಚಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಸೊಸೆಯತ್ತ ತಿರುಗಿದಳು. "ಪ್ರೇಮವ್ವಾ, ರೊಟ್ಟಿ ಬುಟ್ಟಿ ತಾ. ಆ ಮಾತು ಅಂದ ಬಾಯೇ ಉಣ್ಣಬೇಕು. ಈ ಬುಟ್ಟಿ ಬರಿದಾಗೂತನಕ ಆ ಮಾತೂ ಬರಬಾರದು, ಕೈಯೂ ಅಡ್ಡ ಬರಬಾರದು. ಹೊತ್ತು ಮುಳುಗೂದ್ರಾಗ ಮುಗಿಬೇಕು. ದೀಪ ಹಚ್ಚಿದ ಮ್ಯಾಲೆ ನಾನು ಕಾಳು ಹೊರಗ ಹಾಕೂದಿಲ್ಲ."

ಬುಟ್ಟಿ ನೋಡಿಯೇ ಪ್ರಭಾಕರನ ಮುಖ ಬಿಳಚಿತು. ಆದರೂ ಫಕ್ಕೀರಪ್ಪನ ಕಡೆ ಒಮ್ಮೆ ನೋಡಿ, ಪದ್ಮಾಸನ ಹಾಕಿ ಕೂತುಬಿಟ್ಟ.

ರೊಟ್ಟಿ, ಎಣ್ಣೆಗಾಯಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ರಂಜಕ. ಮೊದಲ ರೊಟ್ಟಿ ಹೇಗೋ ಇಳಿಯಿತು. ಎರಡನೆಯದಕ್ಕೆ ಕಣ್ಣಲ್ಲಿ ನೀರು. ಮುಂದಿನದು ಬಿದ್ದಾಗ ತುತ್ತು ಬಾಯಲ್ಲೇ ತಿರುಗಿತು, ತುಟಿ ಅದುರಿತು. ಆ ಮಾತು ಬಂದೇ ಬಿಡುತ್ತದೆಂದು ನಾನು ಕಣ್ಣು ಮುಚ್ಚಿದೆ.

ಆಗ ಫಕ್ಕೀರಪ್ಪ ಪದ್ಯ ಎತ್ತಿದ.

ಶಿವ ಹಸಿದ ಜಂಗಮನಾಗಿ ಬಡವಿಯ ಗುಡಿಸಲಿಗೆ ಬರುವ ಭಾಗ. ಉಡಚವ್ವನ ಕೈ ರೊಟ್ಟಿಯೊಂದಿಗೆ ಅಲ್ಲೇ ನಿಂತಿತು. ಶೇಖಪ್ಪ ರುಮಾಲು ಬಿಚ್ಚಿ ಕೂತ. ಪ್ರಭಾಕರ ಕೈ ಮಡಿಲಲ್ಲಿಟ್ಟು ಉಸಿರು ಬಿಟ್ಟ. ನುಡಿ ಮುಗಿಯಿತು, ರೊಟ್ಟಿ ಬಿತ್ತು, ಅದು ಇಳಿಯಿತು, ಮತ್ತೆ ನುಡಿ. ಪಕ್ಕದ ಕಣಗಳಿಂದ ಒಬ್ಬೊಬ್ಬರೇ ಬಂದು ಹೊಟ್ಟಿನ ಮೇಲೆ ಕೂತರು.

"ಏ ಕಳ್ಳಾ," ಎಂದಳು ಉಡಚವ್ವ, ನುಡಿಗಳ ನಡುವೆ. "ಪದ್ಯಾನ ಒಡ್ಡು ಹಾಕಾಕತ್ತೀಯೇನು?"

"ಹೌದು, ಆಯಿ. ಒಡೀತೀರೇನು?"

"ಶಿವನ ಹೆಸರಿಗೆ ಅಡ್ಡ ಬರೂ ನಾಲಿಗಿ ನನಗೆಲ್ಲೈತಿ? ಆದ್ರ ಹೊತ್ತು ನನ್ನ ಮಾತು ಕೇಳೂದಿಲ್ಲ. ನೋಡು."

ನೋಡಿದೆವು. ಸೂರ್ಯ ಬೇವಿನ ಗಿಡದ ಕೆಳಗೆ ಇಳಿದಿದ್ದ. ಬುಟ್ಟಿಯ ತಳದಲ್ಲಿ ಇನ್ನೂ ರೊಟ್ಟಿಗಳಿದ್ದವು. ಪದ್ಯ ನಡೆದರೆ ಹೊತ್ತು ಹೋಗುತ್ತದೆ, ನಿಂತರೆ ಪ್ರಭಾಕರ ಬೀಳುತ್ತಾನೆ. ಫಕ್ಕೀರಪ್ಪನ ದನಿ ಮೊದಲ ಬಾರಿಗೆ ತಡವರಿಸಿತು.

ಪ್ರಭಾಕರ ಬೆವರು ಒರೆಸಿಕೊಂಡ. "ಫಕ್ಕೀರ್ಯಾ, ನಿಲ್ಲಸು. ಹಸಿದ ಶಿವನ ಪಂಕ್ತ್ಯಾಗ ಕೂತು ನಾನೂ ಉಣ್ತೀನಿ." ಆಮೇಲೆ ಮುದುಕಿಯ ಕಡೆ ಕೈ ಚಾಚಿ, ಕಣವೆಲ್ಲ ಕೇಳುವಂತೆ ಹೇಳಿದ: "ಹಾಕ್ರಿ ಆಯಿ. ಇನ್ನ ಹಾಕ್ರಿ. ಇದ್ದದ್ದೆಲ್ಲಾ ಹಾಕ್ರಿ!"

ಕಣದಲ್ಲಿ ಕೂಗೆದ್ದಿತು. "ಕೇಳಿದೇನಬೇ ತಾಯಿ!" ಎಂದು ಉಡಚವ್ವ ನೆಲಕ್ಕೆ ಬಗ್ಗಿ ಕೂಗಿದಳು. "ಇನ್ನ ಹಾಕು ಅಂದ! ಇದನ್ನ ನೆನಪಿಡು, ಮೊದಲಿಂದು ಮರತುಬಿಡು!" ರೊಟ್ಟಿ ಬಿದ್ದವು, ಇಳಿದವು. ಅವನು ಹೇಗೆ ಉಂಡನೋ ನಾನರಿಯೆ. ಅಷ್ಟು ಜನ ಒಬ್ಬನ ಗಂಟಲನ್ನೇ ನೋಡುತ್ತ ಕೂತದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಪ್ರೇಮವ್ವ ಬುಟ್ಟಿ ಬೋರಲು ಹಾಕಿ ತೋರಿಸಿದಾಗ ಬೇವಿನ ಹಿಂದೆ ಇನ್ನೂ ಕೆಂಪು ಬಿಸಿಲಿತ್ತು.

"ಲಾಭ!" ಎಂದ ಶೇಖಪ್ಪ. ಈ ಸಲ ಕೊಳಗ ಏಳುತ್ತಲೇ ಇತ್ತು, ನಾವು ತುಟಿ ಬಿಗಿದುಕೊಂಡು ಚೀಲ ಬದಲಿಸುತ್ತಲೇ ಇದ್ದೆವು. ಪದ್ಯ ಕೇಳಲು ಬಂದಿದ್ದ ಪಕ್ಕದ ಕಣದವರು ನಮ್ಮ ಬಂಡಿ ಸುತ್ತುವರಿದರು. "ನಾಳೆ ನಮ್ಮ ಕಣಕ್ಕ ಬರ್ರಿ. ಆ ಬಡವಿ ಕಥಿ ಅರ್ಧಕ್ಕ ನಿಂತೈತಿ, ಮುಗಸಿಕೊಡ್ರಿ."

"ಉಣ್ಣಾಕ ಮಾತ್ರ ಬ್ಯಾರೆಯವರನ್ನ ಕರಕೊಂಡ ಬರ್ತೀವಿ," ಎಂದು ಚೀಲಗಳ ಮೇಲೆ ಅಂಗಾತ ಬಿದ್ದಿದ್ದ ಪ್ರಭಾಕರ ನರಳಿದ.

ಕಥೆ ಕಣದಿಂದ ಕಣಕ್ಕೆ ಮುಂದುವರಿಯಿತು, ಹಿಂದೆ ಜೋಳದ ಬಂಡಿಗಳೂ ಬಂದವು. ಉಗ್ರಾಣ ತುಂಬಿ ಉಳಿದ ಚೀಲಗಳನ್ನು ರಾಘಣ್ಣನವರು ನಾವು ಮಲಗುವ ಕೋಣೆಯಲ್ಲೇ ಒಟ್ಟಿಸಿದರು. ಶಿವರಾತ್ರಿಗೆ ಬೀಗ ಬೀಳಲಿಲ್ಲ. ಪರೀಕ್ಷೆಯ ತನಕ ಫಕ್ಕೀರಪ್ಪ ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಓದಿದ, ಹೊಸ ಕಾಳಿನ ವಾಸನೆ ಕೋಣೆಯ ತುಂಬ ಇತ್ತು, ಹಿಂದಿನ ಒಲೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದು ದಿನವೂ ನಿಲ್ಲಲಿಲ್ಲ.