ಹಿಂದಿನ ಸಾಲಿನಿಂದ ಕೂಗಿದ ಹಾಜರಿ

ಮಾರ್ನಿ ಹ್ಯಾಚರ್‌ಳಿಗೆ ಸಾಕುಸಾಕಾಗಿತ್ತು. ಹಗಲೆಲ್ಲ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸುವುದು, ಸಂಜೆ ನರ್ಸಿಂಗ್ ಕಾಲೇಜು, ತಿಂಗಳಿಗೊಮ್ಮೆ ಶನಿವಾರ ಭಾನುವಾರ ಗಾರ್ಡ್ ಎಂಬ ಅರೆಕಾಲಿಕ ಸೇನಾಪಡೆಯ ಕವಾಯತು. ಕವಾಯತಿಗೆ ತಪ್ಪದೆ ಬಂದವರ ಕಾಲೇಜು ಶುಲ್ಕವನ್ನು ಓಹಾಯೋ ರಾಜ್ಯ ಸರಕಾರವೇ ಕಟ್ಟುತ್ತದೆ. ಆ ಆಸೆಗೇ ಈ ವಯಸ್ಸಿನಲ್ಲಿ ಆಕೆ ಬೂಟು ಹಾಕಿದ್ದು. ಇನ್ನೊಂದು ಸೆಮಿಸ್ಟರ್ ದಾಟಿದರೆ ನರ್ಸ್.

ಈ ಸಲ ಪರೀಕ್ಷೆ ಕವಾಯತಿನ ಶನಿವಾರವೇ ಬಿತ್ತು. ಸಾರ್ಜೆಂಟ್ ಬ್ರುನ್ನರ್ ಒರಟ, ಆದರೆ ಕೆಟ್ಟವನಲ್ಲ. ಆಮೇಲೊಂದು ದಿನ ಬಂದು ತುಂಬಿಕೊಡು ಎಂದು ರಜೆ ಕೊಟ್ಟ. ಅವಳಂತೆಯೇ ಕಾಲೇಜು ಶುಲ್ಕಕ್ಕಾಗಿ ಪಡೆ ಸೇರಿದ, ಪ್ರತಿಸಲ ಅವಳನ್ನು ಕಾರಿನಲ್ಲಿ ಕರೆದೊಯ್ಯುವ ಹುಡುಗ ಟ್ರೆಂಟ್ ಪಾವ್ಲಿಕ್‌ಗೆ ಮಾರ್ನಿ ‘ಪರೀಕ್ಷೆ ಇದೆ, ಬರಬೇಡ’ ಎಂದಷ್ಟೇ ಮೊಬೈಲಿನಲ್ಲಿ ತಿಳಿಸಿ ಮಲಗಿಬಿಟ್ಟಳು. ರಜೆ ಸಿಕ್ಕಿದೆಯೆಂದು ಬರೆಯಲು ಕೈಯೇಳಲಿಲ್ಲ.

ಬಾರದ ಗೆಳೆಯರ ಹಾಜರಿ ಕೂಗುವ ಚಾಳಿ ಆ ಪಡೆಯಲ್ಲಿ ಹಳೆಯದು. ಅಂದು ಹೆಸರು ಕರೆದವನು ಹೊಸ ಲೆಫ್ಟಿನೆಂಟ್, ಯಾರ ಮುಖವೂ ಗೊತ್ತಿಲ್ಲದವನು. “ಹ್ಯಾಚರ್!” ಎಂದಾಗ ಟ್ರೆಂಟ್ ಹಿಂದಿನ ಸಾಲಿನಿಂದ ಹೆಣ್ಣುದನಿ ತೆಗೆದು “ಇದ್ದೀನಿ ಸಾರ್!” ಎಂದ. ಪಾಪ, ಉಪಕಾರ ಮಾಡಲು ಹೋದವನು.

ಭಾನುವಾರ ಬ್ರುನ್ನರ್ ಮಾರ್ನಿಯನ್ನು ಲಾರಿಗಳ ಹಿಂದಕ್ಕೆ ಕರೆದ.

“ರಜೆ ಕೊಟ್ಟೋನು ನಾನು. ಆದ್ರೂ ನಿನ್ನೆ ನೀನು ಇಲ್ಲೇ ಇದ್ಯಂತೆ. ನಿನ್ನ ದೆವ್ವ ಬಂದಿತ್ತಾ?”

“ನಂಗೊತ್ತಿಲ್ಲ ಸಾರ್ಜೆಂಟ್.”

“ಪಾವ್ಲಿಕ್ ಒಪ್ಕೊಂಡಿದ್ದಾನೆ. ಕ್ಯಾಪ್ಟನ್ ಕಿವಿಗೂ ಬಿದ್ದಿದೆ, ಇನ್ನು ನನ್ನ ಕೈಲಿಲ್ಲ. ಸುಳ್ಳು ಹಾಜರಿ ಅಂದ್ರೆ ಸರಕಾರ ಕೊಡೋ ಶುಲ್ಕ ನಿಲ್ಲಿಸ್ತಾರೆ. ಒಂದೇ ಮಾತು ಹೇಳು, ಕೂಗು ಅಂತ ನೀನೇ ಹೇಳಿದ್ಯಾ? ಹೌದಾದ್ರೆ ತಪ್ಪು ನಿಂದು, ನೀನು ದೊಡ್ಡೋಳು. ಅವನಿಗೆ ನಾಲ್ಕು ಬೈದು ಬಿಟ್ಬಿಡ್ತಾರೆ. ಇಲ್ಲಾಂದ್ರೆ ಅವನ ಶುಲ್ಕ ಹೋಗತ್ತೆ.”

‘ಹೌದು’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮತ್ತೆ ಅದೇ ಮುದುಕರು, ಅದೇ ಸೊಂಟನೋವು, ಕೊನೆಯಿಲ್ಲದ ದಿನಗಳು.

“ಇಲ್ಲ ಸಾರ್ಜೆಂಟ್. ನಾನು ಹೇಳಿರ್ಲಿಲ್ಲ.”

ನಿಜವೇ. ನಿಜ ಹೇಳಿ ಅವಳು ಇಷ್ಟು ನಾಚಿಕೆಪಟ್ಟದ್ದು ಇದೇ ಮೊದಲು.

ಸಂಜೆ ಟ್ರೆಂಟ್ ಎಂದಿನಂತೆ ಕಾರು ತಂದು ನಿಲ್ಲಿಸಿದ.

“ನಿನ್ನ ಕಾಲೇಜು?” ಎಂದಳು ಅರ್ಧ ದಾರಿಯಲ್ಲಿ.

“ಬಿಟ್ಟಂಗೇ. ಮಾವನ ಟೈರ್ ಅಂಗಡಿ ಇದೆಯಲ್ಲ.”

“ಬೈಯೋ ನನ್ನ.”

“ನೀನೇನ್ಮಾಡ್ದೆ ಅಜ್ಜಿ? ಬಾಯಿ ಬಿಟ್ಟೋನು ನಾನು.” ತನಗಿಂತ ದೊಡ್ಡವಳೆಂದು ಅವನು ಅವಳನ್ನು ಹಾಗೇ ರೇಗಿಸುತ್ತಿದ್ದದ್ದು.

ಅವಳ ಮನೆಯೆದುರು ಕಾರು ನಿಂತಿತು.

“ಮುಂದಿನ ತಿಂಗಳು ಬೆಳಗ್ಗೆ ಆರಕ್ಕೆ ಬರ್ತೀನಿ. ರೆಡಿಯಾಗಿರು.”

“ಇನ್ನು ನೀನ್ಯಾಕೋ ಬರ್ತೀಯಾ?”

“ಪಡೇಲಿ ಆರು ವರ್ಷಕ್ಕೆ ಸಹಿ ಹಾಕಿದ್ದೀನಲ್ಲ. ಶುಲ್ಕ ನಿಲ್ಲಿಸ್ತಾರೆ, ಕವಾಯತು ನಿಲ್ಲಿಸ್ತಾರಾ?”

ಅವನು ನಕ್ಕ. ಮಾರ್ನಿಗೆ ಬಾಗಿಲು ತೆಗೆದು ಇಳಿಯುವಷ್ಟೂ ತ್ರಾಣವಿರಲಿಲ್ಲ.