ಉಲ್ಲಾಳ ಅಂತ ಕೂಗಿದಾಗ

ಫುಟ್‌ಬಾಲ್ ಅಂದ ಮೇಲೆ ಕಾಲಲ್ಲಿ ಒದೆಯಬೇಕಲ್ಲ, ನಿಮ್ಮ ಮಗಳು ಕೈಯಲ್ಲಿ ಎಸೀತಾಳಲ್ಲ ಎಂದು ಬಸವೇಶ್ವರನಗರದ ಅಕ್ಕಪಕ್ಕದವರು ಕೇಳಿದಾಗಲೆಲ್ಲ ಕಮಲಾಕ್ಷಮ್ಮ, "ಅದು ಅಮೆರಿಕದ್ದಂತ್ರೀ, ಅವರದ್ದು ಎಲ್ಲಾ ಹಂಗೇ," ಎಂದು ಮಾತು ಮುಗಿಸಿಬಿಡುತ್ತಿದ್ದರು. ಮಗಳು ಹೇಮಶ್ರೀ ಅಷ್ಟನ್ನೂ ಹೇಳುತ್ತಿರಲಿಲ್ಲ. ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆ ಐದು ಜನ. ಮೈಗೆ ಮೈ ತಾಕಿಸುವ ಹಾಗಿಲ್ಲ. ಚೆಂಡು ಹಿಡಿದು ಓಡುವವಳ ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಪಟ್ಟಿಯನ್ನು ಎದುರಾಳಿ ಕಿತ್ತುಕೊಂಡರೆ ಓಟ ಅಲ್ಲಿಗೆ ನಿಂತಿತು. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕೆಂದು ನಿರ್ಧರಿಸುವವಳು ಅವಳು. ಹೇಮಶ್ರೀ ಕ್ವಾರ್ಟರ್‌ಬ್ಯಾಕ್.

ಅವಳನ್ನು ಆ ಜಾಗದಲ್ಲಿ ನಿಲ್ಲಿಸಿದವರು ಕೋಚ್ ಸಿದ್ದಲಿಂಗೇಶ್. ಮೊದಲು ಕಬಡ್ಡಿ ಕಲಿಸುತ್ತಿದ್ದವರು, ಈ ಆಟವನ್ನು ಮೊಬೈಲಿನಲ್ಲಿ ನೋಡಿಯೇ ಕಲಿತವರು. ಒಂದು ಸಲ ಮೈಸೂರಿನ ಟೂರ್ನಮೆಂಟಿನಲ್ಲಿ ಹೇಮಶ್ರೀ ಕೊನೆಯ ಚೆಂಡನ್ನು ನೆಟ್ಟಗೆ ಎದುರಾಳಿಯ ಕೈಗೇ ಎಸೆದು ತನ್ನ ತಂಡವನ್ನು ಸೋಲಿಸಿದ್ದಳು. ಹುಡುಗಿಯರೆಲ್ಲ ಬಸ್ಸಿನಲ್ಲಿ ಅತ್ತರು. ಹೇಮಶ್ರೀ ಡಬ್ಬಿ ತೆಗೆದು ಪುಳಿಯೋಗರೆ ತಿಂದಳು. ಅವಳಿಗೆ ಹಸಿವಾಗಿತ್ತು, ಅಷ್ಟೆ. ಸಿದ್ದಲಿಂಗೇಶ್ ಮುಂದಿನ ಸೀಟಿನಿಂದ ತಿರುಗಿ ಬಹಳ ಹೊತ್ತು ಅವಳನ್ನೇ ನೋಡಿದರು.

"ಎಸೆಯೋಕೆ ಯಾರು ಬೇಕಾದ್ರೂ ಎಸೀತಾರಮ್ಮಾ," ಎಂದರು ಆಮೇಲೆ. "ಎಲ್ರೂ ಓಡ್ತಿರೋವಾಗ ಸುಮ್ನೆ ನಿಂತ್ಕೊಂಡು ನೋಡೋಕೆ ಎಷ್ಟು ಜನಕ್ಕೆ ಆಗತ್ತೆ? ಹೋದ ಚೆಂಡು ಹೋಯ್ತು ಅಂತ ಬಿಡೋಕೆ ಎಷ್ಟು ಜನಕ್ಕೆ ಆಗತ್ತೆ? ನಿಂಗೆ ಅದಿದೆ. ಅದನ್ನ ಕಲಿಸೋಕಾಗಲ್ಲ."

"ಸಾರ್, ಅವಳಿಗಿರೋದು ಅದಲ್ಲ. ಅವಳು ಫ್ರಿಡ್ಜು," ಎಂದಳು ಪಕ್ಕದಲ್ಲಿದ್ದ ರಕ್ಷಾ, ಅಳುತ್ತಲೇ. "ಬಾಗ್ಲು ತೆಗೆದ್ರೆ ಲೈಟ್ ಹತ್ಕೊಳತ್ತೆ, ಒಳಗೆ ಬರೀ ಪುಳಿಯೋಗರೆ."

ಇಡೀ ಬಸ್ಸು ನಕ್ಕಿತು. ಹೇಮಶ್ರೀಯೂ ನಕ್ಕಳು, ನಗಬೇಕಾದ ಜಾಗ ಅವಳಿಗೆ ಗೊತ್ತಾಗುತ್ತಿತ್ತು.

ರಕ್ಷಾ ಕಾಮಾಕ್ಷಿಪಾಳ್ಯದವಳು. ಅವಳ ಅಪ್ಪ ಅಲ್ಲೇ ಒಂದು ಸಣ್ಣ ಗಾರ್ಮೆಂಟ್ಸ್ ಯೂನಿಟ್ ನಡೆಸುತ್ತಿದ್ದರು. ಹೇಮಶ್ರೀ ಎಸೆದ ಚೆಂಡುಗಳಲ್ಲಿ ಹೆಚ್ಚಿನವನ್ನು ಹಿಡಿಯುತ್ತಿದ್ದವಳು ರಕ್ಷಾಳೇ. ದಿನ ಬೆಳಗ್ಗೆ ಅವಳ ಸ್ಕೂಟರಿನಲ್ಲೇ ಇಬ್ಬರೂ ಮಲ್ಲತ್ತಹಳ್ಳಿ ಕೆರೆಯ ಹತ್ತಿರದ ಮೈದಾನಕ್ಕೆ ಹೋಗುತ್ತಿದ್ದರು. ಆಟದ ನಡುವೆ ಕೂಗಿ ಹೇಳಲು ಬೇಕಾದ ಗುಟ್ಟಿನ ಹೆಸರುಗಳನ್ನು ಇಬ್ಬರೂ ಆ ಸ್ಕೂಟರಿನ ಮೇಲೆಯೇ ಕಟ್ಟಿದ್ದರು. ಎಲ್ಲವೂ ದಾರಿಯ ಬಸ್‌ಸ್ಟಾಪುಗಳ ಹೆಸರು. ಕಾಮಾಕ್ಷಿಪಾಳ್ಯ ಎಂದರೆ ಸ್ವಲ್ಪ ಓಡಿ ಥಟ್ಟನೆ ಎಡಕ್ಕೆ ತಿರುಗುವುದು. ಸುಮನಹಳ್ಳಿ ಎಂದರೆ ಬಲಗಡೆಯ ಗೆರೆಯತ್ತ. ಉಲ್ಲಾಳ ಎಂದರೆ ಹಿಂದೆ ಮುಂದೆ ನೋಡದೆ ಕೊನೆಯವರೆಗೆ. ಬೇರೆ ಊರಿನ ತಂಡಗಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಹೇಮಶ್ರೀ ಕೂಗುವಳು, ರಕ್ಷಾ ಅಲ್ಲಿರುವಳು.

ಈ ವರ್ಷ ಹೆಣ್ಣುಮಕ್ಕಳಿಗೆ ಸಂಬಳ ಕೊಟ್ಟು ಆಡಿಸುವ ಒಂದು ಲೀಗ್ ಶುರುವಾಗುವುದೆಂದು ಸುದ್ದಿ ಬಂತು. ಬೆಂಗಳೂರಿನ ತಂಡಕ್ಕೆ ಆಯ್ಕೆ ಉಲ್ಲಾಳದ ಕಡೆಯ ಒಂದು ಕಾಲೇಜು ಮೈದಾನದಲ್ಲಿ. ಓಡುವವರು, ಹಿಡಿಯುವವರು ಹಲವರು ಬೇಕು. ಕ್ವಾರ್ಟರ್‌ಬ್ಯಾಕ್ ಒಬ್ಬಳೇ ಸಾಕು. ಹೇಮಶ್ರೀಗೆ ಆ ಜಾಗ ಬೇಕಿತ್ತು. ಅದೊಂದು ಬೇಕು ಅನ್ನಿಸುತ್ತಿದೆ ಎಂಬುದೇ ಅವಳಿಗೆ ಹೊಸತು. ಬೇರೆ ಯಾವುದರ ಬಗ್ಗೆಯೂ, ಡಿಗ್ರಿ ಮುಗಿದದ್ದರ ಬಗ್ಗೆಯಾಗಲಿ, ಅಪ್ಪ ಮಾತಾಡಲು ಶುರು ಮಾಡಿದ್ದ ದಾವಣಗೆರೆಯ ಗಂಡಿನ ಬಗ್ಗೆಯಾಗಲಿ, ಅವಳಿಗೆ ಹಾಗೆ ಅನ್ನಿಸಿರಲಿಲ್ಲ.

"ನಂಗೂ ಇದೇ ಲಾಸ್ಟು," ಎಂದಿದ್ದಳು ರಕ್ಷಾ, ಆಯ್ಕೆಯ ದಿನ ದಾರಿಯಲ್ಲಿ. "ಆಗ್ಲಿಲ್ಲ ಅಂದ್ರೆ ಯೂನಿಟ್ಟಿಗೆ ಬಂದು ಕೂತ್ಕೋ ಅಂದವ್ರೆ ಅಪ್ಪ. ಕಾಲರ್ ಎಣಿಸ್ಕೊಂಡು ಕೂತಿರ್ಬೇಕು ಮಗಾ."

ಆಯ್ಕೆ ಮಾಡಲು ಬಂದಿದ್ದ ಪ್ರಭಾ ಮೇಡಂ ಎಲ್ಲರನ್ನೂ ಕಲಸಿ ಎರಡು ತಂಡ ಮಾಡಿದರು. ಹೇಮಶ್ರೀ ಕಿತ್ತಳೆ ಬಣ್ಣದ ಕಡೆ. ರಕ್ಷಾ ಎದುರಿನ ನೀಲಿಯಲ್ಲಿ, ತಡೆಯುವವಳಾಗಿ. ನೀಲಿಗೆ ಕ್ವಾರ್ಟರ್‌ಬ್ಯಾಕ್ ಆಗಿ ನಿಂತ ಎತ್ತರದ ಹುಡುಗಿ ಚೆಂಡನ್ನು ದಾರ ಎಳೆದ ಹಾಗೆ ಎಸೆಯುತ್ತಿದ್ದಳು. ಹೇಮಶ್ರೀಗೆ ಸಿಕ್ಕ ಹುಡುಗಿಯರು ಅವಳ ಮುಖ ಕಂಡವರೇ ಅಲ್ಲ. ನೀರು ಕುಡಿಯುವ ಹೊತ್ತಿನಲ್ಲಿ ಅವರಿಗೆ ಏನಾದರೊಂದು ಕಲಿಸಬೇಕಿತ್ತು. ಅವಳ ಹತ್ತಿರ ಇದ್ದದ್ದು ಆ ಸ್ಟಾಪುಗಳೇ. ಅವನ್ನೇ ಕಲಿಸಿದಳು. ಆ ಹೆಸರುಗಳು ಗೊತ್ತಿದ್ದ ಇನ್ನೊಬ್ಬಳು ಈಗ ಆಚೆ ಕಡೆ ನಿಂತಿದ್ದಾಳೆ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ. ಆ ಮಾತುಗಳನ್ನು ಕೂಗುವಾಗ ರಕ್ಷಾ ತನ್ನ ಕಡೆಯವಳು, ಅಷ್ಟೆ. ಬೇರೆ ಥರ ಇದ್ದದ್ದೇ ಇಲ್ಲವಲ್ಲ.

"ಸುಮನಹಳ್ಳಿ!"

ಚೆಂಡು ಬಲಗಡೆಗೆ ಹೋಯಿತು. ರಕ್ಷಾ ಆಗಲೇ ಅಲ್ಲಿದ್ದಳು. ಗಾಳಿಯಲ್ಲೇ ಚೆಂಡನ್ನು ಕಸಿದು, ಮೈದಾನದ ಈ ತುದಿಯವರೆಗೆ ಓಡಿ ಅಂಕ ಮಾಡಿದಳು. ವಾಪಸ್ ಬರುವಾಗ ಹೇಮಶ್ರೀಯ ಪಕ್ಕದಲ್ಲೇ ಹಾದಳು.

"ಲೇ ಫ್ರಿಡ್ಜು, ನನ್ನ ಸ್ಟಾಪು ನಂಗೇ ಹೇಳ್ತೀಯಲ್ಲೇ! ಟಿಕೆಟ್ ಕೊಡ್ಲಾ?" ಮುಖವೆಲ್ಲ ಬೆವರು, ನಗು.

ಗೆರೆಯ ಆಚೆ ಪ್ರಭಾ ಮೇಡಂ ಪಕ್ಕದವರಿಗೆ ರಕ್ಷಾಳನ್ನು ತೋರಿಸಿ ಏನೋ ಹೇಳಿದರು. ಸಿದ್ದಲಿಂಗೇಶ್ ಕೈಕಟ್ಟಿಕೊಂಡು ಹೇಮಶ್ರೀಯನ್ನೇ ನೋಡುತ್ತಿದ್ದರು.

ಅವಳಿಗೆ ನಾಚಿಕೆಯಾಗಲಿಲ್ಲ. ಹೋದದ್ದು ಹೋಯಿತು. ಮುಂದೇನು ಎಂಬುದಷ್ಟೇ ಎದುರಿಗಿತ್ತು, ಒರೆಸಿದ ಹಲಗೆಯ ಹಾಗೆ. ಹೊಸ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಮೆಲ್ಲಗೆ ಹೇಳಿದಳು: "ಈಗ ಉಲ್ಲಾಳ ಅಂತ ಕೂಗ್ತೀನಿ. ಯಾರೂ ಉಲ್ಲಾಳಕ್ಕೆ ಹೋಗ್ಬೇಡಿ. ಎಲ್ಲಾ ಕಾಮಾಕ್ಷಿಪಾಳ್ಯ."

"ಯಾಕಕ್ಕಾ?" ಎಂದಳು ಒಬ್ಬಳು.

"ಆ ಹುಡ್ಗಿ ನನ್ನ ಮಾತು ನಂಬ್ತಾಳೆ."

ಆಮೇಲೆ ಅವಸರ ಮಾಡಲಿಲ್ಲ. ಬಗ್ಗಿ ಶೂ ಲೇಸ್ ಕಟ್ಟಿಕೊಂಡಳು. ಆ ಹೊತ್ತಿನಲ್ಲಿ ಬೇರೆ ಏನಾದರೂ ಯೋಚಿಸಬಹುದಿತ್ತು. ಇದು ಬೇಡ ಅನ್ನಬಹುದಿತ್ತು. ಲೇಸ್ ಕಟ್ಟಿ ಎದ್ದಳು.

"ಉಲ್ಲಾಳ!"

ರಕ್ಷಾ ತಿರುಗಿದವಳೇ ಕೊನೆಯ ಗೆರೆಯತ್ತ ಓಡಿದಳು. ಎಂಥ ಓಟ! ಅವಳ ಬೆನ್ನು ದೂರವಾಗುತ್ತಿರುವಾಗ ಹೇಮಶ್ರೀ ಖಾಲಿಯಾದ ಜಾಗಕ್ಕೆ, ಎಡಗಡೆಯವಳ ಎದೆಯ ಮಟ್ಟಕ್ಕೆ, ಚೆಂಡನ್ನು ಇಟ್ಟಳು. ಅಂಕ.

ರಕ್ಷಾ ದೂರದಿಂದ ತಿರುಗಿ ನೋಡಿದಳು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಒಂದು ಸಲ ಆಟದಲ್ಲಿ ಮಾಡಿದಳು, ಸರಿ. ಎರಡನೇ ಸಲ ಮಾಡಲಾರಳು ಎಂದು ಆ ಮುಖ ಲೆಕ್ಕ ಹಾಕುತ್ತಿರುವುದು ಹೇಮಶ್ರೀಗೆ ಕಂಡಿತು. ಆ ಮುಖ ಅವಳಿಗೆ ಬಾಯಿಪಾಠ. ಎರಡನೇ ಸಲವೂ ಮಾಡಿದಳು.

ಮೂರನೇ ಸಲ ಸುಮನಹಳ್ಳಿ ಎಂದು ಕೂಗಿ ಸುಮನಹಳ್ಳಿಗೇ ಎಸೆದಳು. ರಕ್ಷಾ ಒಂದು ಹೆಜ್ಜೆ ಆ ಕಡೆ ಇಟ್ಟು, ಹಿಂದೆಗೆದು, ಇದ್ದಲ್ಲೇ ನಿಂತುಬಿಟ್ಟಳು. ಅವಳ ಪಕ್ಕದಲ್ಲೇ ಚೆಂಡು ಹಾದುಹೋಯಿತು. ಆಮೇಲೆ ಹೇಮಶ್ರೀ ಏನು ಕೂಗಿದರೂ ಅವಳು ಹಾಗೇ ನಿಲ್ಲತೊಡಗಿದಳು. ಪ್ರಭಾ ಮೇಡಂ ಸೀಟಿ ಊದಿ ರಕ್ಷಾಳನ್ನು ಹೊರಗೆ ಕರೆದು, ಬೇರೊಬ್ಬಳನ್ನು ಒಳಗೆ ಕಳಿಸಿದರು.

ಸಂಜೆಯೊಳಗೆ ಹೆಸರು ಓದಿದರು. ಕ್ವಾರ್ಟರ್‌ಬ್ಯಾಕ್ ಹೇಮಶ್ರೀ. ರಕ್ಷಾಳ ಹೆಸರಿರಲಿಲ್ಲ.

"ನಿಮಗಿಂತ ಆ ಎತ್ತರದ ಹುಡುಗಿ ಚೆನ್ನಾಗಿ ಎಸೀತಾಳೆ," ಎಂದರು ಪ್ರಭಾ ಮೇಡಂ ಕೈ ಕುಲುಕಿ. "ಆದ್ರೆ ಎದುರಿಗಿರೋರ ಕಾಲನ್ನ ನೀವು ಕಟ್ಟಿ ಹಾಕ್ತೀರ. ಅದು ಎಲ್ಲಾದ್ರೂ ಸಿಗತ್ತಾ?"

ಸಿದ್ದಲಿಂಗೇಶ್ ಬೆನ್ನು ತಟ್ಟಿ, "ನಾನ್ ಹೇಳಿರ್ಲಿಲ್ವಾ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಹೇಮಶ್ರೀ ತನ್ನೊಳಗೆ ಏನಾದರೂ ಆಗುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬಾಯಾರಿಕೆ ಆಗಿತ್ತು.

ಗೇಟಿನ ಹತ್ತಿರ ರಕ್ಷಾ ಸ್ಕೂಟರ್ ಸ್ಟಾರ್ಟ್ ಮಾಡಿ ನಿಂತಿದ್ದಳು. ಹಿಂದೆ ಕೂರುವವಳ ಹೆಲ್ಮೆಟ್ಟನ್ನು ಚಾಚಿ, "ಹತ್ತು," ಎಂದಳು.

ಸ್ಕೂಟರ್ ನಾಗರಬಾವಿ ದಾಟಿತು. ದಿನವೂ ರಕ್ಷಾಳ ಭುಜ ಹಿಡಿಯುತ್ತಿದ್ದ ಹೇಮಶ್ರೀ ಇವತ್ತು ಸೀಟಿನ ಹಿಂದಿನ ಕಂಬಿ ಹಿಡಿದಿದ್ದಳು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ರಕ್ಷಾ ತಿರುಗದೆಯೇ ಕೇಳಿದಳು:

"ಎಸೆಯೋಕ್ ಮುಂಚೆ ನಂದು ಯೋಚ್ನೆ ಬಂತೇನೇ?"

"ಟೈಮೆಲ್ಲಿತ್ತು?"

"ಲೇಸ್ ಕಟ್ಕೊಳ್ಳೋಕೆ ಟೈಮಿತ್ತಲ್ಲ."

ಹಿಂದಿನ ಆಟೋದವನು ಹಾರ್ನ್ ಮಾಡಿದ.

"ಬೇಕಂತ್ಲೇ ಮಾಡ್ದೆ ಅಂತ ಬಾಯ್ ಬಿಟ್ಟು ಹೇಳೇ," ಎಂದಳು ರಕ್ಷಾ. "ಕೋಪ ಮಾಡ್ಕೊಳ್ಳೋಕಾದ್ರೂ ಏನಾದ್ರೂ ಬೇಕಲ್ಲ ನಂಗೆ."

"ಬೇಕಂತ್ಲೇ ಮಾಡ್ದೆ."

ರಕ್ಷಾ ತಲೆಯಾಡಿಸಿ ಗಾಡಿ ಬಿಟ್ಟಳು. ದಿನವೂ ಬಸವೇಶ್ವರನಗರದವರೆಗೂ ಬಿಟ್ಟು ಬರುತ್ತಿದ್ದವಳು ಇವತ್ತು ಕಾಮಾಕ್ಷಿಪಾಳ್ಯದ ತನ್ನ ರಸ್ತೆಯ ತಿರುವಿನಲ್ಲೇ ನಿಲ್ಲಿಸಿದಳು.

"ಇಲ್ಲೇ ಇಳ್ಕೋ."

ಹೇಮಶ್ರೀ ಇಳಿದಳು. ಸ್ಕೂಟರ್ ಹೊಲಿಗೆ ಯಂತ್ರಗಳ ಸದ್ದಿನ ಓಣಿಯೊಳಕ್ಕೆ ಹೋಯಿತು. ಅವಳು ಮನೆಯ ಕಡೆ ನಡೆದಳು. ಬಸ್ಸುಗಳು, ತಳ್ಳುಗಾಡಿಗಳು, ಎಲ್ಲ ಶಬ್ದವೂ ದಪ್ಪ ಬಟ್ಟೆಯ ಆಚೆಯಿಂದ ಬರುವ ಹಾಗಿತ್ತು. ತನ್ನ ಉಸಿರು ಮಾತ್ರ ಹತ್ತಿರದಲ್ಲಿ ಕೇಳುತ್ತಿತ್ತು. ದಾರಿಯಲ್ಲಿ ಜನ ಅವಳನ್ನು ತಿರುಗಿ ನೋಡಿದರು.

ಕಮಲಾಕ್ಷಮ್ಮ ಬಾಗಿಲಲ್ಲೇ, "ಏನಾತೇ?" ಎಂದರು.

"ಆಯ್ತು. ಸೆಲೆಕ್ಟ್ ಆದೆ."

"ರಕ್ಷಾಂದು?"

"ಇಲ್ಲ."

ಅಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಹೆಲ್ಮೆಟ್ ತೆಗಿಯೇ ಮೊದಲು. ಅದನ್ನ ಹಾಕ್ಕೊಂಡೇ ನಡಕೊಂಡು ಬಂದೀಯೇನ? ಆ ಹುಡುಗೀದು ಅಲ್ಲೇನು ಅದು? ನಾಳೆ ಹೋಗಿ ಕೊಟ್ಟು, ನಾಕು ಮಾತಾಡಿ ಬಾ."

ಹೇಮಶ್ರೀ ಗದ್ದದ ಕೆಳಗೆ ಬೆರಳು ತೂರಿಸಿ ಪಟ್ಟಿಯ ಕೊಂಡಿ ಹುಡುಕಿದಳು. ಸಿಗಲಿಲ್ಲ.

"ನಾಳೆ ಪ್ರಾಕ್ಟೀಸ್ ಇದೆ," ಎಂದಳು.