ಎರಡು ಅಕ್ಷರದ ವ್ಯಾನಿಟಿ ಬ್ಯಾಗು

ನಾನು ಒಂದು ವ್ಯಾನಿಟಿ ಬ್ಯಾಗು. ಅದಕ್ಕೂ ಮೊದಲು ಒಂದು ಕರುವಿನ ಮೈಮೇಲಿದ್ದೆ. ಆ ಕಾಲದ ನೆನಪು ನನಗಿಲ್ಲ, ಇಲ್ಲದಿರುವುದೇ ಒಳ್ಳೆಯದು. ಸಮುದ್ರದಾಚೆಯ ಯಾವುದೋ ಊರಿನಲ್ಲಿ ತೊಗಲು ಹದ ಮಾಡಿ, ಕತ್ತರಿಸಿ, ಮೇಣ ಹಚ್ಚಿದ ದಾರದಿಂದ ನನ್ನನ್ನು ಹೊಲಿದರು. ಕೊನೆಗೆ ಒಬ್ಬ ನನ್ನ ಹೊಟ್ಟೆಯ ಮೇಲೆ ಕಂಪನಿಯ ಗುರುತಿನ, ಬಂಗಾರದ ಬಣ್ಣದ ಎರಡು ಲೋಹದ ಅಕ್ಷರಗಳನ್ನು ಒತ್ತಿ ಕೂರಿಸಿದ. ಅಲ್ಲಿಯವರೆಗೆ ನಾನು ಬರಿಯ ಚೀಲ. ಅಕ್ಷರ ಕೂತ ಮೇಲೆ ನನ್ನನ್ನು ಮುಟ್ಟುವವರು ಬಿಳಿ ಕೈಗವಸು ತೊಡತೊಡಗಿದರು.

ಮುಂಬೈಯ ಒಂದು ಗಾಜಿನ ಅಂಗಡಿಯಲ್ಲಿ, ದೀಪದ ಕೆಳಗೆ ಕೂತಿದ್ದಾಗ ನಾನು ಕಸ್ತೂರಿಯನ್ನು ಮೊದಲು ನೋಡಿದೆ. ಬಾಗಿಲ ಹೊರಗೆ ಬಹಳ ಹೊತ್ತು ನಿಂತಿದ್ದಳು. ಒಳಗೆ ಬಂದವಳು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಕಾಲು ನೋಡಿಕೊಂಡಳು. ಅಂಗಡಿಯ ಹುಡುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದಾಗ ನನ್ನ ಕಡೆ ಬೆರಳು ತೋರಿಸಿದಳು.

ಕಸ್ತೂರಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು. ಬಾಯಲ್ಲಿ ದಾರ ಹಿಡಿದು ಹುಬ್ಬು ತೀಡಿ, ಕಾಲು ತಿಕ್ಕಿ, ಮದುಮಕ್ಕಳಿಗೆ ಬಣ್ಣ ಹಚ್ಚಿ ಮೇಲೆ ಬಂದವಳು. ಪಾರ್ಲರಿಗೆ ಹೊಸ ಕುರ್ಚಿ ತರಲೆಂದು ಕೂಡಿಟ್ಟದ್ದರಲ್ಲಿ ನನ್ನನ್ನು ತಂದಳು. ಅವಳಿಗೆ ಒಂದೇ ಹಂಬಲ: ಊರಿನ ಸಿರಿವಂತ ಹೆಂಗಸರ ಕ್ಲಬ್ಬಿನಲ್ಲಿ ತಾನೂ ಒಬ್ಬಳಾಗಬೇಕು. ಅವರೆಲ್ಲ ಅವಳ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗಿ ಮನೆಯ ಗುಟ್ಟು ಹೇಳಿಕೊಂಡವರೇ. ಆದರೆ ಹೊರಗೆ ಸಿಕ್ಕರೆ ಯಾರಿಗೂ ಅವಳ ಗುರುತು ಸಿಗುತ್ತಿರಲಿಲ್ಲ.

ಆ ಕ್ಲಬ್ಬಿಗೆ ಮೃಣಾಲಿನಿ ಮುನವಳ್ಳಿ ದೊಡ್ಡಾಕೆ. ಹತ್ತಿ ಗಿರಣಿಯವರ ಸೊಸೆ. ಯಾವ ಕೃಪೆಯೋ, ಒಂದು ದಿನ ತನ್ನ ಮನೆಯ ಊಟಕ್ಕೆ ಕಸ್ತೂರಿಯನ್ನೂ ಕರೆದಳು. ಕಸ್ತೂರಿ ನನ್ನನ್ನು ಮೇಜಿನ ಮೇಲೆ ಅಕ್ಷರ ಎಲ್ಲರಿಗೂ ಕಾಣುವಂತೆ ಇಟ್ಟಳು. ಒಮ್ಮೆ ಇಟ್ಟು, ಸರಿಯಾಗಲಿಲ್ಲವೆಂದು ತುಸು ತಿರುಗಿಸಿ ಮತ್ತೆ ಇಟ್ಟಳು. ಆ ತಿರುಗಿಸಿದ್ದನ್ನು ಮೃಣಾಲಿನಿ ನೋಡಿಬಿಟ್ಟಳು.

"ಛಲೋ ಐತಲ್ಲ ಕಸ್ತೂರಿ. ಎಲ್ಲಿ ತಗೊಂಡಿ?"

"ಮುಂಬೈಯಾಗ್ರಿ ಅಕ್ಕಾರ."

"ಅಂಗಡ್ಯಾಗೋ, ಫುಟ್‌ಪಾತಿನ ಮ್ಯಾಲೋ?"

ಒಬ್ಬಿಬ್ಬರು ನಕ್ಕರು. ಮೃಣಾಲಿನಿ ನನ್ನನ್ನು ಎತ್ತಿಕೊಂಡು ಮೂಸಿದಳು, ಹೆಬ್ಬೆರಳ ಉಗುರಿನಿಂದ ನನ್ನ ಬೆನ್ನು ಗೀರಿದಳು. ಗೆರೆ ಬಿತ್ತು. "ನೋಡ್ರಿ, ಅಸಲಿ ತೊಗಲಿಗೆ ಗೆರಿ ಬೀಳಂಗಿಲ್ಲ," ಎಂದಳು. ಎಲ್ಲರೂ ತಲೆದೂಗಿದರು. ಅಸಲಿ ತೊಗಲಿಗೇ ಗಾಯವಾಗುವುದು. ಆದರೆ ನನ್ನನ್ನು ಕೇಳುವವರು ಯಾರು?

"ಬಿಲ್ಲು ಮನ್ಯಾಗೈತ್ರಿ ಅಕ್ಕಾರ, ಬೇಕಾದ್ರ ತಂದು..."

"ಬಿಲ್ಲೂ ಡೂಪ್ಲಿಕೇಟ್ ಮಾಡ್ತಾರವ್ವ ಈಗ. ನಮ್ಮ ಹುಬ್ಬು ತೀಡಿದ ರೊಕ್ಕದಾಗ ಇಂಥಾದ್ದು ಬರೋದಿದ್ರ, ನಾಳಿಂದ ನಾನೂ ಬಾಯಾಗ ದಾರ ಹಿಡೀತೀನಿ!"

ಮೇಜಿಗೆ ಮೇಜೇ ಹೋ ಎಂದು ನಕ್ಕಿತು. ಕಸ್ತೂರಿಯೂ ನಕ್ಕಳು. ನಗುತ್ತಲೇ ನನ್ನನ್ನು ಮರಳಿ ತೆಗೆದುಕೊಂಡು, ಅಕ್ಷರ ಕಾಣದಂತೆ ತೊಡೆಯ ಮೇಲೆ ಬೋರಲು ಹಾಕಿಕೊಂಡಳು.

ಪಾರ್ಲರಿಗೆ ಮರಳಿದವಳೇ ನನ್ನನ್ನು ಫಕೀರವ್ವನ ಮುಂದೆ ಎಸೆದಳು. ಫಕೀರವ್ವ ಪಾರ್ಲರಿನ ಬಾಗಿಲು ತೆರೆದ ದಿನದಿಂದ ಅಲ್ಲಿ ದುಡಿಯುತ್ತಿದ್ದವಳು. ಗಿರಾಕಿಗಳ ಮುಂದೆ ಆ ಹೆಸರು ಚೆಂದವಲ್ಲವೆಂದು ಕಸ್ತೂರಿಯೇ ಅವಳನ್ನು 'ಪಿಂಕಿ' ಎಂದು ಕರೆಯುತ್ತಿದ್ದಳು.

"ತಗೋ. ಡೂಪ್ಲಿಕೇಟ್ ಐತಿ. ನಿನಗ ಒಪ್ತೈತಿ."

ಫಕೀರವ್ವನಿಗೆ ಮಾತಿನ ಕೊಂಕು ತಿಳಿಯಲಿಲ್ಲ. ಸೆರಗಿನಿಂದ ನನ್ನನ್ನು ಒರೆಸಿ ಎದೆಗೊತ್ತಿಕೊಂಡಳು. ನನ್ನ ಬೆನ್ನ ಗೆರೆಗೆ ಕೊಬ್ಬರಿ ಎಣ್ಣೆ ತಿಕ್ಕಿದಳು. ನನ್ನೊಳಗೆ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ, ಒಂದು ಹಣಿಗೆ, ಮಗಳ ಮುರಿದ ಬಳೆ ಸೇರಿದವು. ಅಕ್ಷರ ಮೈಯ ಕಡೆಗಿದ್ದರೂ ಹೊರಗೆ ಕಂಡರೂ ಅವಳಿಗೆ ಒಂದೇ. ಜೋಳದ ರೊಟ್ಟಿಯ ವಾಸನೆ ನನ್ನ ಮೈಗೆ ಹತ್ತಿತು. ಅದು ನನಗೆ ಹಿಡಿಸಿತು.

ಅಷ್ಟರಲ್ಲಿ ಮೃಣಾಲಿನಿಯ ಮಗಳ ಮದುವೆ ಬಂತು. ಮೆಹಂದಿ ಹಚ್ಚಲು ಕಸ್ತೂರಿ ಫಕೀರವ್ವನನ್ನು ಕಳಿಸಿದಳು. ಅವಳ ಜೊತೆ ಹೋದ ನಾನು ಗೋಡೆಗೆ ಒರಗಿ ಕೂತಿದ್ದೆ. ದುಬೈಯಿಂದ ಬಂದಿದ್ದ ನೆಂಟರ ಹುಡುಗಿಯೊಬ್ಬಳು ನನ್ನನ್ನು ಕಂಡವಳೇ ಕೈಗೆತ್ತಿಕೊಂಡು ಒಳಮೈ ನೋಡಿದಳು, ಹೊಲಿಗೆ ನೋಡಿದಳು.

"ಚಿಕ್ಕಮ್ಮ, ಇದು ಒರಿಜಿನಲ್! ನನ್ನ ಹತ್ರಾನೂ ಇಲ್ಲ ಇಂಥಾದ್ದು. ಯಾರದಿದು?"

"ನಂದ್ರೀ," ಎಂದಳು ಫಕೀರವ್ವ, ಕೈಯಲ್ಲಿ ಮೆಹಂದಿಯ ಕೋನು ಹಿಡಿದುಕೊಂಡು.

ಮೃಣಾಲಿನಿ ಎದ್ದು ಬಂದು ನನ್ನನ್ನು ಬೋರಲು ಹಾಕಿ ಕೊಡವಿದಳು. ಡಬ್ಬಿಯ ಮುಚ್ಚಳ ಬಿಚ್ಚಿ ಚಟ್ನಿಪುಡಿ ನೆಲದ ತುಂಬ ಹರಡಿತು. ಹೆಂಗಸರು ಸೀರೆ ಎತ್ತಿಕೊಂಡು ಹಿಂದೆ ಸರಿದರು.

"ಯಾರ ಮನ್ಯಾಗ ಕದ್ದಿ? ಖರೇ ಹೇಳು."

"ಇಲ್ರಿ ಯವ್ವಾ! ನಮ್ಮ ಅಕ್ಕಾರ ಕೊಟ್ಟಾರ್ರಿ. ಬೇಕಾದ್ರ ಕರೆಸಿ ಕೇಳ್ರಿ."

ಕರೆಸಿದರು. ಕಸ್ತೂರಿ ಸ್ಕೂಟಿ ನಿಲ್ಲಿಸಿ ಓಡುತ್ತಲೇ ಬಂದಳು. ಫಕೀರವ್ವನ ಮುಖದಲ್ಲಿ ಜೀವ ಬಂತು. ಮೃಣಾಲಿನಿ ಎದುರು ಹೋಗಿ ಕಸ್ತೂರಿಯ ಕೈ ಹಿಡಿದುಕೊಂಡಳು. ಹಾಗೆ ಎಂದೂ ಹಿಡಿದವಳಲ್ಲ.

"ಕಸ್ತೂರಿ, ಅವತ್ತ ನಾನು ತಪ್ಪಿ ಅಂದುಬಿಟ್ಟೆ. ನಿನ್ನ ಬ್ಯಾಗು ಅಸಲೀನ ಐತಂತ. ನೀ ಕೊಟ್ಟೀಯಂತ ಹೇಳ್ತಾಳ ಇಕಿ. ಇಂಥಾದ್ದನ್ನ ಕೆಲಸದಾಕಿಗೆ ಯಾರರ ಕೊಡ್ತಾರೇನು? ನೀ ಕೊಟ್ಟೀ?"

ಊಟದ ಮೇಜಿನಲ್ಲಿ ನಕ್ಕಿದ್ದ ಹೆಂಗಸರೆಲ್ಲ ಅಲ್ಲಿದ್ದರು. ಎಲ್ಲರ ಕಣ್ಣೂ ಕಸ್ತೂರಿಯ ಮೇಲಿತ್ತು, ಯಾವ ಕಣ್ಣಿನಲ್ಲೂ ನಗು ಇರಲಿಲ್ಲ. ಕೊಟ್ಟೆ ಎಂದರೆ ಯಾಕೆ ಕೊಟ್ಟೆ ಎನ್ನುತ್ತಾರೆ. ನಿಮ್ಮ ನಗು ತಡೆಯಲಾರದೆ ಕೊಟ್ಟೆ ಎಂದು ಒಪ್ಪಿಕೊಂಡರೆ ಮತ್ತೆ ಅದೇ ನಗು. ಇಲ್ಲ ಎಂದರೆ, ಕಳ್ಳರು ಆಸೆಪಡುವಂಥ ಅಸಲಿ ವಸ್ತುವಿನ ಒಡತಿ ತಾನು.

ಅವಳು ಫಕೀರವ್ವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಕೊಟ್ಟಿಲ್ರಿ ಅಕ್ಕಾರ. ಎಲ್ಲಿ ಹೋತು ಅಂತ ನಾನೂ ಹುಡುಕಾಕತ್ತಿದ್ದೆ."

"ಅಕ್ಕಾರ..." ಫಕೀರವ್ವನ ಧ್ವನಿ ಸಣ್ಣಗಿತ್ತು. "ನೀವ ಅಲ್ಲೇನ್ರಿ, ತಗೋ ಅಂದೋರು?"

"ಬಾಯಿ ಮುಚ್ಚು!"

ಮದುವೆಯ ಮನೆಯಲ್ಲಿ ಪೊಲೀಸರು ಬೇಡ ಎಂದು ಮೃಣಾಲಿನಿ ದೊಡ್ಡ ಮನಸ್ಸು ಮಾಡಿದಳು. ನನ್ನನ್ನು ಕಸ್ತೂರಿಯ ತೋಳಿಗೆ ತಾನೇ ತೂಗುಹಾಕಿದಳು. "ನಿನ್ನ ಆಳು, ನೀನ ಬುದ್ಧಿ ಕಲಿಸು," ಎಂದಳು. ಕಸ್ತೂರಿ ಕೈ ಎತ್ತಿದಳು. ತೋಳಿನ ಜೊತೆ ನಾನೂ ಬೀಸಿ ಹೋದೆ. ಅಂಗೈಯ ಏಟು ಕೆನ್ನೆಗೆ ಬಿತ್ತು, ನನ್ನ ಅಕ್ಷರದ ಮೊನೆ ದವಡೆಗೆ. ರಕ್ತ ಬಂತು. ಫಕೀರವ್ವ ಅಳಲಿಲ್ಲ. ಕೂತು, ಚಟ್ನಿಯ ನಡುವಿನಿಂದ ಮಗಳ ಬಳೆಯ ಚೂರು ಹೆಕ್ಕಿಕೊಂಡು ಹೋದಳು. ಮದುಮಗಳ ಒಂದು ಕೈಗೆ ಮಾತ್ರ ಮೆಹಂದಿಯಾಗಿತ್ತು. ಇನ್ನೊಂದಕ್ಕೆ ಕಸ್ತೂರಿ ಹಚ್ಚಿದಳು. ಒಂದು ಎಳೆಯೂ ತಪ್ಪಲಿಲ್ಲ.

ಊರಿನ ಯಾವ ಪಾರ್ಲರೂ ಫಕೀರವ್ವನನ್ನು ಸೇರಿಸಿಕೊಳ್ಳಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗುತ್ತಾಳೆಂದು, ಕೆಮ್ಮು ಹತ್ತಿದೆಯೆಂದು ಗಿರಾಕಿಯೊಬ್ಬಳು ಒಮ್ಮೆ ಹೇಳಿದಳು. ಕಸ್ತೂರಿ ಅವಳ ಹುಬ್ಬಿನಿಂದ ಕಣ್ಣು ತೆಗೆಯದೆ, "ಕತ್ತು ಸ್ವಲ್ಪ ಹಿಂದಕ್ರಿ," ಎಂದಳು.

ಕಸ್ತೂರಿಗೆ ಕ್ಲಬ್ಬಿನಲ್ಲಿ ಕುರ್ಚಿ ಸಿಕ್ಕಿತು. ಊಟಕ್ಕೆ, ಹುಟ್ಟುಹಬ್ಬಕ್ಕೆ, ಅರಿಸಿನ ಕುಂಕುಮಕ್ಕೆ ನನ್ನನ್ನು ಒಯ್ದಳು. ಅವಳು ಸುಖವಾಗಿಯೇ ಇದ್ದಳು. ಪಾಪ ಮಾಡಿದವರು ನಿದ್ದೆಗೆಡುತ್ತಾರೆಂಬುದು ನಾನು ಕಂಡ ಮಟ್ಟಿಗೆ ಸುಳ್ಳು.

ಆಮೇಲೆ ಒಂದು ಮಧ್ಯಾಹ್ನ ಮೃಣಾಲಿನಿ ಅಕ್ಷರವೇ ಇಲ್ಲದ ಒಂದು ಸಪ್ಪೆ ಬೂದು ಚೀಲ ಹಿಡಿದು ಬಂದಳು. "ಅಕ್ಷರ ಕಾಣಂಗ ಹಿಡಿಯೋದು ಈಗ ಹೊಸದಾಗಿ ರೊಕ್ಕ ಕಂಡೋರ ಶೋಕಿ," ಎಂದು ಯಾರನ್ನೂ ನೋಡದೆ ಹೇಳಿದಳು. ಎಲ್ಲರೂ ನನ್ನನ್ನು ನೋಡಿದರು. ಕಸ್ತೂರಿ ಮೆಲ್ಲಗೆ ನನ್ನನ್ನು ಮೇಜಿನ ಕೆಳಗೆ, ಕಾಲ ಬುಡಕ್ಕೆ ಇಳಿಸಿದಳು. ಅಲ್ಲಿಂದ ಅಟ್ಟಕ್ಕೆ.

ಅಟ್ಟದಲ್ಲಿ ಇಲಿ ನನ್ನ ಹಿಡಿಕೆ ಕಡಿಯಿತು. ಜಿಪ್ ಕಿತ್ತು ಬಂತು. ಎಷ್ಟೋ ಕಾಲದ ಮೇಲೆ ಕಸ್ತೂರಿ ಅಟ್ಟ ಸ್ವಚ್ಛ ಮಾಡಿಸುವಾಗ ನಾನು ಸಿಕ್ಕೆ. ಅವಳ ಕೂದಲು ನೆರೆತಿತ್ತು. ನನ್ನ ಧೂಳು ಕೊಡವಿ, ಪಾರ್ಲರಿನಲ್ಲಿ ಕೆಲಸಕ್ಕಿದ್ದ ಹೊಸ ಹೆಂಗಸಿಗೆ ಚಾಚಿದಳು. ಈ ಸಲ ಮಾತಿನಲ್ಲಿ ಕೊಂಕಿರಲಿಲ್ಲ.

"ತಗೋ ದುರ್ಗವ್ವ. ರಿಪೇರಿ ಮಾಡಿಸಿದ್ರ ಛಲೋ ಬರ್ತೈತಿ. ಅಸಲಿ ಐತಿ."

ದುರ್ಗವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈ ಬೆನ್ನ ಹಿಂದೆ ಹೋದವು.

"ಬ್ಯಾಡ್ರಿ ಅಕ್ಕಾರ. ಫಕೀರವ್ವಂದು ಕೇಳೀನ್ರಿ. ನನಗ ಕೆಲಸ ಬೇಕ್ರಿ."

ಕಸ್ತೂರಿ ನನ್ನನ್ನು ಹಿಡಿದುಕೊಂಡೇ ನಿಂತಿದ್ದಳು. ಕುರ್ಚಿಯಲ್ಲಿದ್ದ ಗಿರಾಕಿ ಕನ್ನಡಿಯಲ್ಲಿ ಅವಳನ್ನು ನೋಡಿ ಕಣ್ಣು ಮುಚ್ಚಿಕೊಂಡಳು.

ಈಗ ನಾನು ಪಾರ್ಲರಿನ ಹಿತ್ತಿಲ ಗೂಟಕ್ಕೆ ನೇತುಬಿದ್ದಿದ್ದೇನೆ. ನನ್ನೊಳಗೆ ನೆಲ ಒರೆಸುವ ಬಟ್ಟೆ ತುಂಬಿದ್ದಾರೆ. ಎಷ್ಟೋ ಕೈ ಕಂಡೆ, ನಕಲಿ ಎನಿಸಿಕೊಂಡೆ, ಅಸಲಿ ಎನಿಸಿಕೊಂಡೆ, ಕಳವಿನ ಮಾಲೂ ಆದೆ. ನನ್ನ ಇಡೀ ಆಯುಷ್ಯದಲ್ಲಿ ನನ್ನನ್ನು ಯಾರೂ ಕದ್ದಿಲ್ಲ. ಇದನ್ನು ಹೇಳಲು ನನಗೆ ಬಾಯಿಯೂ ಇದೆ, ಜಿಪ್ ಕಿತ್ತು ಹಗಲಿರುಳು ತೆರೆದೇ ಇದೆ. ನಾಲಿಗೆ ಮಾತ್ರ ಇಲ್ಲ.